ಹಾವು ಹಿಡಿಯುವುದನ್ನು ಬಿಡಿ, ಊರಿಗೆ ಹೋಗುವುದನ್ನಲ್ಲ

ಪ್ರಶ್ನೆ: ಸರ್, ನಾನು ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಸಹಾಯಕ ಪ್ರಾಧ್ಯಾಪಕಿ. ಸೇವೆಗೆ ಸೇರಿ ಐದು ವರ್ಷವಾಯಿತು. ಬಿಡುವಿದ್ದಾಗ ಸುತ್ತಲಿನ ಪ್ರೌಢಶಾಲೆಗಳಿಗೆ ಹೋಗಿ ಹಾವುಗಳ ಚಿತ್ರ ತೋರಿಸಿ ಮಾತನಾಡುತ್ತೇನೆ. ಅದರಿಂದ ಪರಿಚಯವಾದ ಯುವಕರು ಈಗ ಮನೆಗೆ ಹಾವು ಬಂದರೆ ನನಗೇ ಫೋನ್ ಮಾಡುತ್ತಾರೆ. ಕೊಕ್ಕೆ ಕೋಲು ತರಿಸಿಕೊಂಡು ಕೆಲವು ಕೇರೆ ಹಾವುಗಳನ್ನೂ ಒಂದೆರಡು ನಾಗರ ಹಾವುಗಳನ್ನೂ ಹಿಡಿದು ದೂರ ಬಿಟ್ಟಿದ್ದೇನೆ. ಯಜಮಾನರಿಗೂ ಅತ್ತೆಯವರಿಗೂ ಇದು ಸ್ವಲ್ಪವೂ ಇಷ್ಟವಿಲ್ಲ. ಮಗು ಇನ್ನೂ ಚಿಕ್ಕದು. ಕಳೆದ ಮಳೆಗಾಲದಲ್ಲಿ, ನಾನು ಹೋಗಿ ಮಾತನಾಡಿದ್ದ ಶಾಲೆಯದೇ ಎಂಟನೆಯ ತರಗತಿಯ ಹುಡುಗನೊಬ್ಬ ಹಾವು ಕಚ್ಚಿ ತೀರಿಕೊಂಡ. ಮನೆಯವರು ಮೊದಲು ಪಕ್ಕದ ಊರಿನ ನಾಟಿ ವೈದ್ಯರ ಬಳಿಗೆ ಕರೆದೊಯ್ದಿದ್ದರಂತೆ. ಅಂದಿನಿಂದ ನನ್ನ ಮಾತಿಗೆ ಏನು ಬೆಲೆ ಎನಿಸುತ್ತಿದೆ. ಹಿರಿಯ ಸಹೋದ್ಯೋಗಿಯೊಬ್ಬರು, "ಇದೆಲ್ಲ ಬಡ್ತಿಗೆ ಬರುವುದಿಲ್ಲ, ಎರಡು ಸಂಶೋಧನಾ ಪ್ರಬಂಧ ಬರೆಯಿರಿ" ಎನ್ನುತ್ತಾರೆ. ವಾರದ ಹದಿನಾರು ಗಂಟೆ ಪಾಠ, ಪ್ರಯೋಗಾಲಯ, ಮೌಲ್ಯಮಾಪನ ಮುಗಿಸುವಷ್ಟರಲ್ಲೇ ಸುಸ್ತಾಗಿರುತ್ತೇನೆ. ಇದು ಜೀವಶಾಸ್ತ್ರದ ಅಧ್ಯಾಪಕಿಯ ಕೆಲಸವೇ? ನಿಲ್ಲಿಸಲೇ, ಮುಂದುವರಿಸಲೇ?

ಉತ್ತರ: ನೀವು ಕೇಳಿರುವುದು ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂದು. ಆದರೆ ಪತ್ರವನ್ನು ಮತ್ತೊಮ್ಮೆ ಓದಿದಾಗ ನಿಮ್ಮನ್ನು ಕಾಡುತ್ತಿರುವುದು ಆ ಹುಡುಗನ ಸಾವು ಎಂದು ನನಗೆ ತೋರಿತು. ಬಡ್ತಿ, ಸಮಯ, ಮನೆಯವರ ಅಸಮಾಧಾನ ಎಲ್ಲವೂ ಅದರ ನಂತರದ ಮಾತು. ಮೂರು ದಶಕಕ್ಕೂ ಹೆಚ್ಚು ಕಾಲ ಪ್ರಾಣಿಶಾಸ್ತ್ರ ಕಲಿಸಿ, ಅದೇ ಹೊತ್ತಿನಲ್ಲಿ ಊರೂರು ತಿರುಗಿದವನಾಗಿ ಉತ್ತರವನ್ನು ಅಲ್ಲಿಂದಲೇ ಆರಂಭಿಸುತ್ತೇನೆ.

ಹದಿಮೂರು ವರ್ಷದ ಹುಡುಗನಿಗೆ ಹಾವು ಕಚ್ಚಿದಾಗ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವವನು ಅವನಲ್ಲ. ಅಪ್ಪ, ದೊಡ್ಡಪ್ಪ, ಅಜ್ಜಿ, ಬೈಕ್ ಇರುವ ಪಕ್ಕದ ಮನೆಯವರು ತೀರ್ಮಾನಿಸುತ್ತಾರೆ. ಅವರಲ್ಲಿ ಯಾರೂ ನಿಮ್ಮ ಮಾತು ಕೇಳಲು ಶಾಲೆಗೆ ಬಂದಿರಲಿಲ್ಲ. ಹುಡುಗ ನಿಮ್ಮ ಮಾತನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದಿರಲೂಬಹುದು, "ಆಸ್ಪತ್ರೆಗೆ ಹೋಗೋಣ" ಎಂದು ಹೇಳಿದ್ದಿರಲೂಬಹುದು. ದೊಡ್ಡವರು ಗಾಬರಿಯಲ್ಲಿ ಓಡಾಡುತ್ತಿರುವಾಗ ಮಗುವಿನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಈ ಸಾವನ್ನು ನಿಮ್ಮ ಮಾತಿನ ಸೋಲೆಂದು ಲೆಕ್ಕ ಹಾಕಬೇಡಿ. ನೀವು ಮಾತನಾಡಬೇಕಾದವರು ಬೇರೆ, ಮಾತನಾಡಿದ್ದು ಬೇರೆಯವರೊಂದಿಗೆ ಎಂಬುದಷ್ಟೇ ಇದರಿಂದ ತಿಳಿಯುವುದು. ಇದು ತಿದ್ದಿಕೊಳ್ಳಬಹುದಾದ ಸಂಗತಿ.

ಇಷ್ಟು ಹೇಳಿದ ಮೇಲೆ, ವಿಜ್ಞಾನ ಪ್ರಸಾರ ಮಾಡುವ ನಮ್ಮಲ್ಲಿ ಬೇರೂರಿರುವ ಒಂದು ತಪ್ಪು ನಂಬಿಕೆಯನ್ನು ಎತ್ತಿಕೊಳ್ಳಬೇಕು. ಜನ ನಾಟಿ ವೈದ್ಯರ ಬಳಿಗೆ ಹೋಗುವುದು ತಿಳಿವಳಿಕೆ ಇಲ್ಲದ್ದರಿಂದ, ತಿಳಿಸಿದರೆ ಹೋಗುವುದಿಲ್ಲ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅವರು ತಮ್ಮ ಕಣ್ಣಾರೆ ಕಂಡದ್ದನ್ನೇ ನಂಬಿ ಹೋಗುತ್ತಾರೆ. ಭಾರತದಲ್ಲಿ 300ಕ್ಕೂ ಹೆಚ್ಚು ಬಗೆಯ ಹಾವುಗಳಿವೆ, ಅವುಗಳಲ್ಲಿ ಬಹುಪಾಲು ಮನುಷ್ಯನ ಪ್ರಾಣಕ್ಕೆ ಅಪಾಯ ತರುವಂಥವಲ್ಲ. ವಿಷದ ಹಾವು ಕಚ್ಚಿದಾಗಲೂ ಎಷ್ಟೋ ಸಲ ವಿಷ ಇಳಿದಿರುವುದಿಲ್ಲ. ಹೀಗಾಗಿ ನಾಟಿ ವೈದ್ಯರ ಬಳಿಗೆ ಹೋದ ಹತ್ತು ಜನರಲ್ಲಿ ಹೆಚ್ಚಿನವರು ಏನೂ ಮಾಡದಿದ್ದರೂ ಬದುಕುತ್ತಿದ್ದರು. ಬೇರು ಅರೆದು ಕೊಟ್ಟವರಿಗೆ, ಮಂತ್ರಿಸಿದ ದಾರ ಕಟ್ಟಿದವರಿಗೆ ಆ ಬದುಕಿನ ಕೀರ್ತಿ ಸಲ್ಲುತ್ತದೆ. ಸತ್ತವರ ವಿಷಯದಲ್ಲಿ "ತಡವಾಗಿ ಕರೆತಂದಿರಿ" ಎಂಬ ಮಾತು ಇದ್ದೇ ಇದೆ. ಇತ್ತ ಆಸ್ಪತ್ರೆಯ ಲೆಕ್ಕ ತದ್ವಿರುದ್ಧ. ಅಲ್ಲಿಗೆ ಬರುವವರಲ್ಲಿ ಅನೇಕರು ನಾಟಿ ಔಷಧ ಮುಗಿಸಿ, ಕಣ್ಣುರೆಪ್ಪೆ ಇಳಿಬಿದ್ದ ಮೇಲೆ ಅಥವಾ ವಸಡಿನಲ್ಲಿ ರಕ್ತ ಒಸರಲು ಆರಂಭಿಸಿದ ಮೇಲೆ ಬಂದವರು. ಅವರಲ್ಲಿ ಕೆಲವರು ಆಸ್ಪತ್ರೆಯ ಹಾಸಿಗೆಯ ಮೇಲೆ ಸಾಯುತ್ತಾರೆ. ಊರಿನವರು ನೋಡುವುದು ಇಷ್ಟನ್ನೇ: ನಾಟಿ ವೈದ್ಯರ ಅಂಗಳದಿಂದ ಎದ್ದು ಬಂದವರನ್ನು, ಆಸ್ಪತ್ರೆಯಿಂದ ಹೆಣವಾಗಿ ಬಂದವರನ್ನು. ಇಂಥ ಅನುಭವದ ಎದುರು ನಿಮ್ಮ ನಲವತ್ತು ನಿಮಿಷದ ಚಿತ್ರಪ್ರದರ್ಶನ ನಿಲ್ಲುವುದಿಲ್ಲ, ಯಾರದೂ ನಿಲ್ಲುವುದಿಲ್ಲ.

ಜೊತೆಗೆ ದೂರದ ಪ್ರಶ್ನೆ. ನಾಟಿ ವೈದ್ಯರು ಪಕ್ಕದ ಊರಿನಲ್ಲಿರುತ್ತಾರೆ, ನಡುರಾತ್ರಿ ಬಾಗಿಲು ತಟ್ಟಿದರೂ ಏಳುತ್ತಾರೆ, ಕೊಟ್ಟಷ್ಟು ತೆಗೆದುಕೊಳ್ಳುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ವೈದ್ಯರು ಇರುವರೋ ಇಲ್ಲವೋ, ಪ್ರತಿವಿಷದ ಸೀಸೆಗಳು ಇವೆಯೋ ಇಲ್ಲವೋ ಎಂಬುದು ಮನೆಯವರಿಗೆ ಗೊತ್ತಿರುವುದಿಲ್ಲ. ಇದ್ದರೂ ಪ್ರತಿವಿಷಕ್ಕೆ ಕೆಲವರ ಮೈ ತೀವ್ರವಾಗಿ ಪ್ರತಿಕ್ರಿಯಿಸಬಹುದೆಂಬ ಅಳುಕಿನಿಂದ ಕೆಲವು ವೈದ್ಯರು ತಾಲ್ಲೂಕು ಆಸ್ಪತ್ರೆಗೆ ಕಳಿಸುತ್ತಾರೆ, ಅಲ್ಲಿಂದ ಹಾವೇರಿಗೆ, ಅಲ್ಲಿಂದ ಹುಬ್ಬಳ್ಳಿಗೆ. ವೈದ್ಯರನ್ನು ದೂಷಿಸಲು ಈ ಮಾತು ಹೇಳುತ್ತಿಲ್ಲ. ಆ ಪ್ರತಿಕ್ರಿಯೆಯನ್ನು ಹತೋಟಿಗೆ ತರುವ ಅಡ್ರಿನಲಿನ್ ಔಷಧವನ್ನು ಸಿದ್ಧವಾಗಿಟ್ಟುಕೊಂಡು ಪ್ರತಿವಿಷ ಕೊಡುವ ತರಬೇತಿಯೂ ಧೈರ್ಯವೂ ಎಲ್ಲ ಕೇಂದ್ರಗಳಲ್ಲಿ ಒಂದೇ ತೆರನಾಗಿಲ್ಲ.

2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿತದಿಂದ ಸತ್ತರೆಂದು, ಮನೆಮನೆಗೆ ಹೋಗಿ ಸಾವಿನ ಕಾರಣ ವಿಚಾರಿಸಿದ ದೊಡ್ಡ ಅಧ್ಯಯನವೊಂದು 2020ರಲ್ಲಿ ಅಂದಾಜು ಮಾಡಿತು. ಅಂದರೆ ವರ್ಷಕ್ಕೆ ಸರಾಸರಿ 58,000. ಕಾಲು ಭಾಗಕ್ಕೂ ಹೆಚ್ಚು ಸಾವು ಹದಿನೈದು ವರ್ಷದೊಳಗಿನ ಮಕ್ಕಳದು, ಅರ್ಧದಷ್ಟು ಮುಂಗಾರಿನ ತಿಂಗಳುಗಳಲ್ಲಿ. ಬಹುತೇಕ ಸಾವುಗಳು ಹಳ್ಳಿಗಳಲ್ಲಿ, ಮನೆಯಲ್ಲೇ ಸಂಭವಿಸಿದವು, ಆಸ್ಪತ್ರೆಯ ದಾಖಲೆಗೆ ಬರಲೇ ಇಲ್ಲ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಮರುತಿಂಗಳು ಬಂದ ರಾಷ್ಟ್ರೀಯ ಕ್ರಿಯಾ ಯೋಜನೆ 2030ರ ಹೊತ್ತಿಗೆ ಸಾವುಗಳನ್ನು ಅರ್ಧಕ್ಕೆ ಇಳಿಸುವ ಗುರಿ ಇಟ್ಟುಕೊಂಡಿದೆ. ಈ ಆದೇಶಗಳು ನಿಮ್ಮ ಕೈಗೆ ಒಂದು ಅಧಿಕಾರವನ್ನು ಕೊಡುತ್ತವೆ. ಐದು ವರ್ಷದ ಹಿಂದೆ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಗೆ ಹೋಗಿ ಹಾವು ಕಡಿತದ ವಿಷಯ ತೆಗೆದರೆ "ನಿಮಗೇಕೆ ಮೇಡಂ" ಎನ್ನಬಹುದಿತ್ತು. ಈಗ ಅದು ಅವರೇ ಲೆಕ್ಕ ಒಪ್ಪಿಸಬೇಕಾದ ವಿಷಯ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಹಾವು ಹಿಡಿಯುವುದರ ಬಗ್ಗೆ ಮೊದಲು ಖಡಾಖಂಡಿತವಾಗಿ ಹೇಳಿಬಿಡುತ್ತೇನೆ: ಬಿಟ್ಟುಬಿಡಿ. ನಿಮ್ಮ ಅತ್ತೆಯವರ ಆತಂಕ ಸರಿಯಾದದ್ದು. ವರ್ಷಗಟ್ಟಲೆ ಪಳಗಿದವರೇ ನಾಗರ ಹಾವಿನ ಕಡಿತದಿಂದ ಸತ್ತ ಸುದ್ದಿ ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಕಾನೂನೂ ನಿಮ್ಮ ಕಡೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಇರುವ ಹಾವುಗಳನ್ನು ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಿಡಿದು ಸಾಗಿಸುವುದು ಅಪರಾಧ, ಉದ್ದೇಶ ಒಳ್ಳೆಯದಿದ್ದರೂ ಅಷ್ಟೇ. ಜೀವಶಾಸ್ತ್ರದ ದೃಷ್ಟಿಯಿಂದ ನೋಡಿದರೂ ಲಾಭ ಕಡಿಮೆ. ತಾನು ಬಲ್ಲ ಬಿಲ, ನೀರು, ಬೇಟೆಯ ಜಾಗದಿಂದ ಹತ್ತಾರು ಕಿಲೋಮೀಟರ್ ಆಚೆ ಬಿಟ್ಟ ಹಾವು ಗೊತ್ತುಗುರಿಯಿಲ್ಲದೆ ಅಲೆದಾಡುತ್ತದೆ, ರಸ್ತೆಗೋ ದೊಣ್ಣೆಗೋ ಸಿಗುತ್ತದೆ. ಗೋವಿನಜೋಳದ ಚೀಲಗಳ ನಡುವೆ ಇಲಿ ಇರುವವರೆಗೆ ಆ ಮನೆಗೆ ಮತ್ತೊಂದು ಹಾವು ಬರುತ್ತದೆ. ಎಲ್ಲಕ್ಕಿಂತ ದೊಡ್ಡ ಅಪಾಯ ನಿಮ್ಮ ವಿದ್ಯಾರ್ಥಿಗಳದು. ಮೇಡಂ ಹಿಡಿದದ್ದನ್ನು ನೋಡಿದ ಇಪ್ಪತ್ತರ ಹುಡುಗ ಗೆಳೆಯರ ಮೊಬೈಲ್ ಎದುರು ತಾನೂ ಹಿಡಿಯುತ್ತಾನೆ. ನೀವು ಎಷ್ಟೇ ಎಚ್ಚರ ಹೇಳಿದರೂ ಅವನು ಕಲಿಯುವುದು ನೀವು ಹೇಳಿದ್ದನ್ನಲ್ಲ, ಮಾಡಿದ್ದನ್ನು.

ಅನುಮತಿ ಪಡೆದ, ತರಬೇತಾದ ಹಾವು ರಕ್ಷಕರು ನಿಮ್ಮ ತಾಲ್ಲೂಕಿನಲ್ಲಿ ಇದ್ದರೆ ಅವರ ಸಂಖ್ಯೆಯನ್ನೂ ವಲಯ ಅರಣ್ಯ ಕಚೇರಿಯ ಸಂಖ್ಯೆಯನ್ನೂ ಯುವಕರಿಗೆ ಕೊಡಿ. ಅವರು ಬರುವವರೆಗೆ ಮಕ್ಕಳನ್ನೂ ನಾಯಿಯನ್ನೂ ದೂರವಿಡುವುದು, ಕೋಣೆಯ ಬಾಗಿಲು ಮುಚ್ಚಿ ಕೆಳಸಂದಿಗೆ ಗೋಣಿಚೀಲ ತುರುಕುವುದು, ಹಾವು ಹೊರಗಿದ್ದರೆ ತನ್ನ ಪಾಡಿಗೆ ಹೋಗಲು ದಾರಿ ಬಿಡುವುದು, ಇಷ್ಟನ್ನು ಫೋನಿನಲ್ಲೇ ಹೇಳಬಹುದು.

ಶಾಲೆಗಳಲ್ಲಿ ಮಾತನಾಡುವುದನ್ನು ನಿಲ್ಲಿಸಬೇಕಿಲ್ಲ, ಆದರೆ ಮಾತಿನ ವಿಷಯ ಬದಲಾಗಬೇಕು. ಯಾವುದು ವಿಷದ ಹಾವು, ಯಾವುದು ಅಲ್ಲ ಎಂದು ಗುರುತಿಸುವ ಪಾಠವೇ ನಾವೆಲ್ಲ ಇಷ್ಟಪಟ್ಟು ಮಾಡುವ ಪಾಠ, ಮಕ್ಕಳಿಗೂ ಅಚ್ಚುಮೆಚ್ಚು. ಅದರಲ್ಲೊಂದು ಅಪಾಯವಿದೆ. ಕಟ್ಟು ಹಾವನ್ನೂ ವಿಷವಿಲ್ಲದ ತೋಳ ಹಾವನ್ನೂ ತೆಗೆದುಕೊಳ್ಳಿ. ಎರಡಕ್ಕೂ ಕಪ್ಪು ಮೈ ಮೇಲೆ ಬಿಳಿ ಪಟ್ಟೆ. ಕಟ್ಟು ಹಾವಿನ ಪಟ್ಟೆಗಳು ಸಾಮಾನ್ಯವಾಗಿ ಜೋಡಿ ಜೋಡಿಯಾಗಿದ್ದು ಬಾಲದ ಕಡೆಗೆ ದಟ್ಟವಾಗುತ್ತವೆ, ಕತ್ತಿನ ಬಳಿ ಮಾಸಿರುತ್ತವೆ. ತೋಳ ಹಾವಿನವು ಕತ್ತಿನಿಂದಲೇ ಆರಂಭವಾಗಿ ಹಿಂದಕ್ಕೆ ಹೋದಂತೆ ಮಾಸುತ್ತವೆ. ಕಟ್ಟು ಹಾವಿನ ಬೆನ್ನಹುರಿಯ ಸಾಲಿನ ಹುರುಪೆಗಳು ದೊಡ್ಡವು, ಆರು ಮೂಲೆಯವು. ಓದಲು ಎಷ್ಟು ಸ್ಪಷ್ಟ! ಆದರೆ ರಾತ್ರಿ ಹನ್ನೊಂದಕ್ಕೆ, ಕರೆಂಟ್ ಹೋದ ಮನೆಯಲ್ಲಿ, ಚಾಪೆಯ ಅಂಚಿನಿಂದ ಸರಿದು ಹೋದದ್ದರ ಬೆನ್ನಿನ ಹುರುಪೆಯನ್ನು ಯಾರು ಎಣಿಸುತ್ತಾರೆ? "ಇದು ತೋಳ ಹಾವು, ಭಯವಿಲ್ಲ" ಎಂದು ಅರೆ ಕಲಿತ ಹುಡುಗ ಹೇಳಿಬಿಟ್ಟರೆ ಅದು ಪ್ರಾಣಕ್ಕೆ ಕುತ್ತು. ಆದ್ದರಿಂದ ಹೆಸರು ಕಲಿಸಿ, ಸಂತೋಷಕ್ಕೆ ಕಲಿಸಿ. ಕಡಿತದ ಮಾತು ಬಂದಾಗ ಮಾತ್ರ ಎಲ್ಲ ಹಾವೂ ಒಂದೇ, ಎಲ್ಲ ಕಡಿತಕ್ಕೂ ಆಸ್ಪತ್ರೆಯೇ ಎಂದು ಹೇಳಿ.

ಕಟ್ಟು ಹಾವಿನ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ನಿಮ್ಮ ಭಾಗದಲ್ಲಿ ಜನ ಅತಿ ಕಡಿಮೆ ಅರ್ಥ ಮಾಡಿಕೊಂಡಿರುವ ಸಾವು ಇದರದ್ದು. ರಾತ್ರಿ ಊಟ ಮಾಡಿ ನೆಲದ ಮೇಲೆ ಚಾಪೆ ಹಾಸಿ ಮಲಗಿದವರನ್ನು ಅದು ನಿದ್ದೆಯಲ್ಲೇ ಕಚ್ಚುತ್ತದೆ. ನೋವು ಅಷ್ಟಾಗಿ ಇಲ್ಲ, ಊತವಿಲ್ಲ, ಹಲ್ಲಿನ ಗುರುತೂ ಹಲವು ಸಲ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆ ಹಿಂಡಿದಂತೆ ನೋವು, ವಾಂತಿ. ಮನೆಯವರು ಗ್ಯಾಸ್ ಎಂದು ಸೋಡಾ ಕುಡಿಸುತ್ತಾರೆ. ಬೆಳಕು ಹರಿಯುವಷ್ಟರಲ್ಲಿ ರೆಪ್ಪೆ ಎತ್ತಲು ಆಗುವುದಿಲ್ಲ, ಮಾತು ತೊದಲುತ್ತದೆ, ಉಗುಳು ನುಂಗಲಾಗದೆ ಬಾಯಿಯಿಂದ ಇಳಿಯುತ್ತದೆ. ಆಮೇಲೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದ್ದವರಿಗೆ ಬೆಳಗಿನ ಜಾವ ಹೊಟ್ಟೆನೋವು ಬಂದು ರೆಪ್ಪೆ ಬಾಡಿದರೆ ಅದು ಹಾವೆಂದೇ ತಿಳಿದು ಓಡಬೇಕು, ಗುರುತು ಹುಡುಕುತ್ತ ಕೂರಬಾರದು. ಈ ಒಂದು ಮಾತನ್ನು ತಾಯಂದಿರಿಗೆ ಮುಟ್ಟಿಸಿದರೆ ನಿಮ್ಮ ಎಷ್ಟೋ ಭಾಷಣಗಳಿಗಿಂತ ಅದು ಹೆಚ್ಚು. ತಡೆಯುವ ಉಪಾಯವೂ ಅಗ್ಗದ್ದು: ಸೊಳ್ಳೆ ಪರದೆ, ಅದರ ಅಂಚನ್ನು ಚಾಪೆಯ ಕೆಳಗೆ ಸುತ್ತಲೂ ಬಿಗಿಯಾಗಿ ಸಿಕ್ಕಿಸಿ ಮಲಗುವುದು.

ತಾಯಂದಿರಿಗೆ ಮುಟ್ಟಿಸುವುದು ಎಲ್ಲಿ? ನಿಮ್ಮ ಭಾಗದಲ್ಲಿ ನಾಗರ ಪಂಚಮಿಯಷ್ಟು ದೊಡ್ಡ ಹಬ್ಬ ಇನ್ನೊಂದಿಲ್ಲ. ಶ್ರಾವಣದಲ್ಲಿ, ಮಳೆಯ ನಡುವೆ, ಕಡಿತಗಳು ಹೆಚ್ಚಿರುವ ಕಾಲದಲ್ಲೇ ಬರುತ್ತದೆ. ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ, ಜೋಕಾಲಿ ಕಟ್ಟಿರುತ್ತಾರೆ, ಉಂಡಿ ಕಟ್ಟುತ್ತ ಹತ್ತು ಹೆಂಗಸರು ಒಂದೆಡೆ ಕುಳಿತಿರುತ್ತಾರೆ. ಅಲ್ಲಿಗೆ ಹೋಗಿ. ಹಾವು ಹಾಲು ಕುಡಿಯುವುದಿಲ್ಲ ಎಂದು ವಾದ ಹೂಡಲು ಹೋಗಬೇಡಿ. ಅದು ನಿಜ, ಆದರೆ ಆ ದಿನ ಆ ಜಾಗದಲ್ಲಿ ಅದರಿಂದ ಯಾರ ಪ್ರಾಣವೂ ಉಳಿಯುವುದಿಲ್ಲ, ನಿಮ್ಮ ಮುಂದಿನ ಮಾತನ್ನು ಕೇಳುವ ಕಿವಿಗಳು ಮಾತ್ರ ಮುಚ್ಚಿಕೊಳ್ಳುತ್ತವೆ. ಹುತ್ತಕ್ಕೆ ಕೈಮುಗಿಯುವ ಮನಸ್ಸು ಹಾವನ್ನು ಕೊಲ್ಲಲು ಹಿಂಜರಿಯುವ ಮನಸ್ಸು. ಜೀವಶಾಸ್ತ್ರದವರು ಅದರೊಡನೆ ಜಗಳವಾಡಬೇಕಾದ ಕಾರಣ ನನಗೆ ಇಂದಿಗೂ ಕಂಡಿಲ್ಲ. ಪರದೆಯ ಮಾತು, ರಾತ್ರಿ ಹಿತ್ತಲಿಗೆ ಹೋಗುವಾಗ ಟಾರ್ಚ್, ಕುಳ್ಳಿನ ಬಣವೆಗೂ ಕಟ್ಟಿಗೆ ರಾಶಿಗೂ ಕೈ ಹಾಕುವ ಮುನ್ನ ಕೋಲಿನಿಂದ ತಟ್ಟುವುದು, ಕೋಳಿ ಗೂಡನ್ನು ಮಲಗುವ ಕೋಣೆಯಿಂದ ದೂರ ಸರಿಸುವುದು, ಇಷ್ಟು ಮಾತನಾಡಿ ಒಂದು ಉಂಡಿ ತಿಂದು ಬನ್ನಿ.

ಎರಡನೆಯ ದಾರಿ, ನನ್ನ ಪ್ರಕಾರ ಅತಿ ಮುಖ್ಯವಾದದ್ದು, ಹೊಲದಿಂದ ಆಸ್ಪತ್ರೆಯವರೆಗಿನ ಹಾದಿಯನ್ನು ಊರಿಗೆ ಮೊದಲೇ ತಿಳಿಸಿಡುವುದು. ತಾಲ್ಲೂಕು ಆರೋಗ್ಯಾಧಿಕಾರಿಗಳನ್ನು ಭೇಟಿಯಾಗಿ ಕೇಳಬೇಕಾದದ್ದು ಕೆಲವೇ ಪ್ರಶ್ನೆ: ಪ್ರತಿವಿಷ ಸದಾ ಇರುವ ಅತಿ ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ಅಲ್ಲಿ ವೈದ್ಯರು ಇರುತ್ತಾರೆಯೇ, ಕೃತಕ ಉಸಿರಾಟದ ಯಂತ್ರ ಎಲ್ಲಿದೆ, ಈ ಊರಿನಿಂದ 108 ಬರಲು ಎಷ್ಟು ಹೊತ್ತು. ಆ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು, ಅವರ ಸಹಿ ಪಡೆದು, ಆಶಾ ಕಾರ್ಯಕರ್ತೆಯರ ಮೂಲಕ ಊರಿನ ಹಾಲಿನ ಡೇರಿ, ಅಂಗನವಾಡಿ, ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬಹುದು. ಬೈಕ್ ಇರುವ ಇಬ್ಬರು ಯುವಕರ ಹೆಸರು ಅದರ ಕೆಳಗಿರಲಿ. ನಡುವೆ ಕಡಿತವಾದವರನ್ನು ಕೂರಿಸಿ ಹಿಂದೊಬ್ಬರು ಹಿಡಿದುಕೊಂಡು ಹೋಗುವುದನ್ನು ಅವರಿಗೆ ತೋರಿಸಿ. ಕೈಕಾಲು ಅಲುಗದಂತೆ ಪಟ್ಟಿ ಕಟ್ಟಬೇಕು, ಬಳೆ, ಉಂಗುರ, ಕಾಲುಂಗುರ ತೆಗೆಯಬೇಕು, ಹಗ್ಗ ಬಿಗಿಯಬಾರದು, ಕೊಯ್ಯಬಾರದು, ಚೀಪಬಾರದು, ಹಾವನ್ನು ಹುಡುಕಿ ಕೊಂದು ತರಬೇಕಿಲ್ಲ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ, ವೈದ್ಯರು ಲಕ್ಷಣ ನೋಡಿ ಚಿಕಿತ್ಸೆ ಮಾಡುತ್ತಾರೆ. ಆಸ್ಪತ್ರೆಯ ದಾಖಲೆಯಿಂದ ಇನ್ನೊಂದು ಉಪಯೋಗವಿದೆ, ಇದನ್ನು ರೈತರಿಗೆ ತಪ್ಪದೆ ಹೇಳಿ: ಹಾವು ಕಡಿತದಿಂದ ರೈತ ಸತ್ತರೆ ಕೃಷಿ ಇಲಾಖೆಯಿಂದ ಬರುವ ಪರಿಹಾರಕ್ಕೆ ಕಾಗದಪತ್ರ ಬೇಕು. ನಾಟಿ ವೈದ್ಯರ ಅಂಗಳದಲ್ಲಿ ಆದ ಸಾವಿಗೆ ಕಾಗದವಿರುವುದಿಲ್ಲ.

ಈ ದಾರಿಯಲ್ಲೂ ಅಪಾಯಗಳಿವೆ. ಕೆಲಸ ನಿಧಾನ, ಅಧಿಕಾರಿ ವರ್ಗವಾದರೆ ಮತ್ತೆ ಮೊದಲಿನಿಂದ. ಹಾಳೆಯಲ್ಲಿ ಬರೆದ ಆಸ್ಪತ್ರೆಯಲ್ಲಿ ಒಂದು ರಾತ್ರಿ ಸೀಸೆ ಖಾಲಿಯಾಗಿದ್ದರೆ ಬೈಗುಳ ನಿಮಗೆ. ಆದ್ದರಿಂದ ಮುಂಗಾರಿಗೆ ಮುನ್ನ ಪ್ರತಿವರ್ಷ ಪರಿಶೀಲಿಸಿ ಹಾಳೆ ಬದಲಿಸಬೇಕು. ಇನ್ನೊಂದು ಗೆರೆ ನಿಮಗೆ ನೀವೇ ಎಳೆದುಕೊಳ್ಳಬೇಕಾದದ್ದು: ಚಿಕಿತ್ಸೆಯ ಬಗ್ಗೆ ಸಲಹೆ ಕೊಡಬೇಡಿ. ಮೊಬೈಲಿಗೆ ಹಾವಿನ ಚಿತ್ರ ಕಳಿಸಿ "ಆಸ್ಪತ್ರೆಗೆ ಹೋಗಬೇಕೇ" ಎಂದು ಕೇಳುತ್ತಾರೆ. ಚಿತ್ರ ಕೇರೆ ಹಾವಿನದ್ದೇ ಆದರೂ ಉತ್ತರ "ಹೋಗಿ" ಎಂದಿರಲಿ. ಕಚ್ಚಿದ್ದು ಚಿತ್ರದಲ್ಲಿರುವ ಹಾವೇ ಎಂದು ನಿಮಗೇನು ಗೊತ್ತು?

ನಾಟಿ ವೈದ್ಯರ ವಿಷಯ ಕಠಿಣವಾದದ್ದು. ಆ ಹುಡುಗನನ್ನು ಮೊದಲು ಕರೆದೊಯ್ದಿದ್ದ ನಾಟಿ ವೈದ್ಯರ ಬಗ್ಗೆ ನಿಮಗೆ ಸಿಟ್ಟಿರುವುದು ಸಹಜ. ಆದರೂ ಹೋಗಿ ಕುಳಿತು ಮಾತನಾಡಿ ಎಂದು ಹೇಳುತ್ತೇನೆ. ನಾನು ಕಂಡವರಲ್ಲಿ ಹಲವರು ದುಡ್ಡಿಗಾಗಿ ಈ ಕೆಲಸ ಮಾಡುವವರಲ್ಲ. ಅಪ್ಪನಿಂದ ಬಂದದ್ದು, ಬಾಗಿಲಿಗೆ ಬಂದವರನ್ನು ವಾಪಸು ಕಳಿಸಬಾರದು ಎಂಬ ನೇಮದವರು. ತಮ್ಮ ಕೈಯಲ್ಲಿ ಸತ್ತವರ ನೆನಪು ಅವರಿಗೂ ಇರುತ್ತದೆ. ರೆಪ್ಪೆ ಬಾಡಿದವರನ್ನು, ರಕ್ತ ಒಸರುವವರನ್ನು ಮುಟ್ಟದೆ ಆಸ್ಪತ್ರೆಗೆ ಕಳಿಸಲು ಅಂಥವರು ಒಪ್ಪುತ್ತಾರೆ. ಕ್ರಮೇಣ ಕೆಲವರು, ಮೊದಲು ಆಸ್ಪತ್ರೆ, ಆಮೇಲೆ ಬೇಕಾದರೆ ನನ್ನ ಪೂಜೆ ಎನ್ನುವ ಮಟ್ಟಕ್ಕೂ ಬರುತ್ತಾರೆ. ಬಾಗಿಲು ಹಾಕಿ ಕಳಿಸಿದವರೂ ಇದ್ದಾರೆ. ಕಾಲೇಜಿನ ಮೇಡಂ ಬಂದು ಹೋದರು ಎಂಬುದೇ ಅವರಿಗೆ ಪ್ರಮಾಣಪತ್ರವಾಗುವ ಅಪಾಯವೂ ಉಂಟು. ಅದಕ್ಕಾಗಿ ಒಬ್ಬರೇ ಹೋಗದೆ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರದ ನರ್ಸ್ ಅವರನ್ನೋ ಜೊತೆಗೆ ಕರೆದೊಯ್ಯಿರಿ. ಫೋಟೊ ತೆಗೆಸಿಕೊಳ್ಳಬೇಡಿ.

ಇದು ಜೀವಶಾಸ್ತ್ರದ ಅಧ್ಯಾಪಕಿಯ ಕೆಲಸವೇ ಎಂದು ಕೇಳಿದ್ದೀರಿ. ಹೌದು, ಒಂದು ಷರತ್ತಿನೊಂದಿಗೆ: ಊರಿನಲ್ಲಿ ಕಂಡದ್ದು ತರಗತಿಗೆ ವಾಪಸು ಬರಬೇಕು. ನಾಗರ ಹಾವಿನ ಕಡಿತಕ್ಕೆ ಪ್ರತಿವಿಷದ ಜೊತೆಗೆ ವೈದ್ಯರು ನಿಯೋಸ್ಟಿಗ್ಮಿನ್ ಎಂಬ ಔಷಧ ಕೊಡುತ್ತಾರೆ, ರೋಗಿ ಬೇಗನೆ ಕಣ್ಣು ತೆರೆಯುವುದುಂಟು. ಕಟ್ಟು ಹಾವಿನ ಕಡಿತದಲ್ಲಿ ಅದರಿಂದ ಅಂಥ ಪ್ರಯೋಜನ ಸಾಮಾನ್ಯವಾಗಿ ಕಾಣುವುದಿಲ್ಲ. ರೆಪ್ಪೆ ಬಾಡುವ, ಉಸಿರು ನಿಲ್ಲುವ ಲಕ್ಷಣ ಎರಡರಲ್ಲೂ ಒಂದೇ, ಔಷಧದ ಫಲ ಬೇರೆ ಏಕೆ? ಈ ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಬರೆದು ನರ-ಸ್ನಾಯು ಸಂಧಿಯ ಪಾಠ ಆರಂಭಿಸಿ ನೋಡಿ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಟು ಸ್ನಾಯುವಿನ ಗ್ರಾಹಿಗಳನ್ನು ಮುಟ್ಟಿದಾಗ ಸ್ನಾಯು ಚಲಿಸುತ್ತದೆ. ನಾಗರದ ವಿಷ ಆ ಗ್ರಾಹಿಗಳನ್ನು ಮುಚ್ಚುತ್ತದೆ. ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನು ನಿಯೋಸ್ಟಿಗ್ಮಿನ್ ತಡೆದಾಗ ಅಸಿಟೈಲ್‌ಕೋಲಿನ್ ಹೆಚ್ಚಾಗಿ ಉಳಿದು, ಗ್ರಾಹಿಗಳಿಗಾಗಿ ವಿಷದೊಡನೆ ಪೈಪೋಟಿಗಿಳಿಯುತ್ತದೆ. ಕಟ್ಟು ಹಾವಿನ ಬೀಟಾ ಬಂಗಾರೊಟಾಕ್ಸಿನ್ ಎಂಬ ವಿಷ ನರದ ತುದಿಯನ್ನೇ ಹಾಳುಮಾಡುತ್ತದೆ. ಬಿಡುಗಡೆಯಾಗಲು ಅಸಿಟೈಲ್‌ಕೋಲಿನ್ನೇ ಇಲ್ಲದಿರುವಾಗ ಒಡೆಯುವ ಕಿಣ್ವವನ್ನು ತಡೆದು ಏನು ಫಲ? ನರದ ತುದಿ ಮತ್ತೆ ಬೆಳೆಯುವವರೆಗೆ, ದಿನಗಟ್ಟಲೆ, ಯಂತ್ರದಿಂದ ಉಸಿರಾಡಿಸಬೇಕು. ಪಠ್ಯದಲ್ಲಿ ಒಣಗಿ ಬಿದ್ದಿರುವ ಸಿನಾಪ್ಸ್ (ನರದ ಸಂಧಿ) ಚಿತ್ರಕ್ಕೆ ಆ ದಿನ ಜೀವ ಬರುತ್ತದೆ. ತನ್ನ ಚಿಕ್ಕಪ್ಪ ಜಿಲ್ಲಾ ಆಸ್ಪತ್ರೆಯಲ್ಲಿ ದಿನಗಟ್ಟಲೆ ಏಕೆ ಹಾಗೆ ಮಲಗಿದ್ದರೆಂದು ಹಿಂದಿನ ಬೆಂಚಿನ ಹುಡುಗಿಗೆ ಅರ್ಥವಾಗುತ್ತದೆ.

ಮಗುವಿಗೂ ದೊಡ್ಡವರಿಗೂ ಪ್ರತಿವಿಷದ ಪ್ರಮಾಣ ಒಂದೇ ಏಕೆ ಎಂದು ಕೇಳಿ. ಹಾವು ಬಿಟ್ಟ ವಿಷ ದೇಹದ ತೂಕ ನೋಡಿ ಬಿಟ್ಟದ್ದಲ್ಲ, ತಟಸ್ಥಗೊಳಿಸಬೇಕಾದದ್ದು ವಿಷವನ್ನು. ಕುದುರೆಯ ದೇಹದಲ್ಲಿ ತಯಾರಾದ ಪ್ರತಿಕಾಯಗಳು ನಮ್ಮನ್ನು ಹೇಗೆ ಉಳಿಸುತ್ತವೆ, ಅವೇ ಏಕೆ ಮೈಗೆ ಒಗ್ಗದೆ ಹೋಗಬಹುದು ಎಂಬುದರಲ್ಲಿ ರೋಗನಿರೋಧ ಶಾಸ್ತ್ರದ ಅರ್ಧ ಪಾಠವಿದೆ. ಎರಡು ಮಿಲಿಲೀಟರ್ ರಕ್ತವನ್ನು ಒಣಗಿದ ಗಾಜಿನ ನಳಿಕೆಯಲ್ಲಿ ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು ಓರೆ ಮಾಡಿ ನೋಡುವ ಸರಳ ಪರೀಕ್ಷೆಯಿಂದ, ಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸಿದೆಯೇ ಎಂದು ಹಳ್ಳಿಯ ಆಸ್ಪತ್ರೆಯಲ್ಲೇ ತಿಳಿಯಬಹುದು. ಒಂದೇ ಜಾತಿಯ ಹಾವಿನ ವಿಷ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯ ತೋರಿಸಿದೆ, ವಿಕಾಸದ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ? ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2014ರಲ್ಲಿ ಪ್ರಾಣಿಗಳನ್ನು ಕೊಯ್ಯುವ ಪ್ರಯೋಗಗಳನ್ನು ನಿಲ್ಲಿಸಿದ ಮೇಲೆ ಪ್ರಾಣಿಶಾಸ್ತ್ರದ ಪ್ರಯೋಗಾಲಯ ಚಾರ್ಟ್‌ಗಳ ಕೋಣೆಯಾಯಿತೆಂದು ಹಲವರು ಗೊಣಗುತ್ತಾರೆ. ಆ ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ. ಖಾಲಿಯಾದ ಜಾಗವನ್ನು ತುಂಬಬೇಕಾದದ್ದು ಹೊಲ, ಕೆರೆ, ಹಿತ್ತಲು. ಬಣವೆಯ ಬುಡದಲ್ಲಿ ಹಾವಿನ ಪೊರೆ ಕಂಡರೆ ವಿದ್ಯಾರ್ಥಿಗಳು ಅಲ್ಲೇ ಭೂತಗನ್ನಡಿ ಹಿಡಿದು ನೋಡಲಿ: ಕಣ್ಣಿನ ಮೇಲಿನ ಪಾರದರ್ಶಕ ಮುಚ್ಚಳ ಸಹಿತ ಕಳಚಿರುತ್ತದೆ, ಹೊಟ್ಟೆಯ ಅಡ್ಡ ಹುರುಪೆಗಳು ಬೆನ್ನಿನವಕ್ಕಿಂತ ಎಷ್ಟು ಅಗಲ ಎಂದು ತಿಳಿಯುತ್ತದೆ. ನೋಡಿ ಅಲ್ಲೇ ಬಿಟ್ಟು ಬರಲಿ.

ಬಡ್ತಿಯ ವಿಷಯದಲ್ಲಿ ನಿಮ್ಮ ಹಿರಿಯ ಸಹೋದ್ಯೋಗಿ ಹೇಳಿದ್ದು ಅರ್ಧ ಸತ್ಯ. ಪ್ರಬಂಧಗಳಿಲ್ಲದೆ ಮೇಲಿನ ಹಂತಕ್ಕೆ ಹೋಗುವುದು ಕಷ್ಟ, ಅದನ್ನು ಮರೆಯಬೇಡಿ. ಆದರೆ ಯುಜಿಸಿಯ 2018ರ ನಿಯಮಗಳಲ್ಲಿ ಬೋಧನೆಯ ಜೊತೆಗೆ ಅಳೆಯುವ ಚಟುವಟಿಕೆಗಳ ಪಟ್ಟಿಯಲ್ಲಿ ಎನ್‌ಎಸ್‌ಎಸ್, ವಿಸ್ತರಣಾ ಕಾರ್ಯ (ಕಾಲೇಜಿನಾಚೆ ಜನರ ನಡುವೆ ಮಾಡುವ ಕೆಲಸ), ಸಮುದಾಯ ಸೇವೆ ಹೆಸರು ಸಹಿತ ಇವೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಾಂಕನದಲ್ಲಿ ಮೂರನೆಯ ಮಾನದಂಡದ ಹೆಸರಿನಲ್ಲೇ ವಿಸ್ತರಣೆ ಸೇರಿದೆ, ಪ್ರಾಂಶುಪಾಲರಿಗೆ ಇದನ್ನು ನೆನಪಿಸಿ. ಮುಖ್ಯವಾದದ್ದೆಂದರೆ ಕೆಲಸವನ್ನು ವೈಯಕ್ತಿಕವಾಗಿ ಮಾಡದೆ ಕಾಲೇಜಿನ ಹೆಸರಿನಲ್ಲಿ, ಪತ್ರ ಸಹಿತ ಮಾಡುವುದು. ಎನ್‌ಎಸ್‌ಎಸ್ ವಿದ್ಯಾರ್ಥಿ ಎರಡು ವರ್ಷದಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು, ಏಳು ದಿನದ ಶಿಬಿರ ಬೇರೆ. ರಸ್ತೆ ಗುಡಿಸುವುದರಲ್ಲೇ ಮುಗಿಯುವ ಆ ಗಂಟೆಗಳಿಗೆ ನೀವು ಅರ್ಥವಿರುವ ಕೆಲಸ ಕೊಡಬಲ್ಲಿರಿ.

ಪ್ರಬಂಧವೂ ಇದೇ ಮಣ್ಣಿನಿಂದ ಹುಟ್ಟಬಹುದು. 1990ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಪಶ್ಚಿಮ ಘಟ್ಟದ ಕಾಲೇಜುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಜೀವವೈವಿಧ್ಯದ ದಾಖಲೆಗೆ ಸೇರಿಸಿಕೊಂಡಿದ್ದರು. ಪಟ್ಟಣದ ಸಣ್ಣ ಕಾಲೇಜುಗಳೂ ನಂಬಿಕಸ್ಥ ಮಾಹಿತಿ ಕಲೆಹಾಕಬಲ್ಲವು ಎಂಬ ವಿಶ್ವಾಸ ಆ ಕೆಲಸದ ಹಿಂದಿತ್ತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಆಗಬೇಕು. ಎಷ್ಟೋ ಪಂಚಾಯಿತಿಗಳಲ್ಲಿ ಆ ಪುಸ್ತಕ ಕಪಾಟಿನಲ್ಲಿದೆ, ತೆರೆದವರಿಲ್ಲ. ನಿಮ್ಮ ವಿದ್ಯಾರ್ಥಿಗಳು ತಮ್ಮ ಊರಿನ ಪುಟಗಳನ್ನು ಪರಿಷ್ಕರಿಸಬಹುದು. ಕಡಿತಗಳ ಮನೆ ಸಮೀಕ್ಷೆ ಮಾಡುವುದಾದರೆ ಮಾತ್ರ ಎಚ್ಚರ ವಹಿಸಿ. ಅದು ಜನರ ಆರೋಗ್ಯದ, ಸಾವಿನ ಮಾಹಿತಿ. ನೈತಿಕ ಸಮಿತಿಯ ಒಪ್ಪಿಗೆ ಮತ್ತು ಮನೆಯವರ ಲಿಖಿತ ಸಮ್ಮತಿ ಇಲ್ಲದೆ ಆರಂಭಿಸಬೇಡಿ. ದುಃಖದಲ್ಲಿರುವ ಮನೆಗೆ ಪ್ರಶ್ನಾವಳಿ ಹಿಡಿದ ಹತ್ತೊಂಬತ್ತರ ಹುಡುಗನನ್ನು ಒಬ್ಬನೇ ಕಳಿಸಬೇಡಿ. ಸಾಧ್ಯವಿದ್ದರೆ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯ ವಿಭಾಗದವರನ್ನು ಜೊತೆಗಾರರನ್ನಾಗಿ ಮಾಡಿಕೊಳ್ಳಿ.

ಕೊನೆಗೆ ನಿಮ್ಮ ಸುಸ್ತಿನ ಮಾತು. ಇಷ್ಟೆಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಲು ಹೊರಡಬೇಡಿ. ನಿಮ್ಮಂಥ ಉತ್ಸಾಹಿಗಳು ಮೂರು ವರ್ಷ ಉರಿದು ಆಮೇಲೆ ಕಾಲೇಜಿನ ಗೇಟಿನಾಚೆ ಕಾಲಿಡದಂತಾದದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಈ ವರ್ಷ ಒಂದೇ ಒಂದು ಊರು ಆರಿಸಿಕೊಳ್ಳಿ, ವಿದ್ಯಾರ್ಥಿಗಳು ಹೆಚ್ಚಾಗಿ ಬರುವ, ಬಸ್ ಅನುಕೂಲವಿರುವ ಊರು. ಆಸ್ಪತ್ರೆಯ ಹಾಳೆ ಮತ್ತು ಪಂಚಮಿಯ ಭೇಟಿ, ಇವೆರಡಾದರೆ ಸಾಕು. ಸಸ್ಯಶಾಸ್ತ್ರ ಅಥವಾ ಸಮಾಜಶಾಸ್ತ್ರ ವಿಭಾಗದ ಒಬ್ಬ ಸಹೋದ್ಯೋಗಿಯನ್ನು ಮೊದಲ ದಿನದಿಂದಲೇ ಸೇರಿಸಿಕೊಳ್ಳಿ. ನಿಮಗೆ ವರ್ಗವಾದರೂ, ಮಗುವಿಗೆ ಜ್ವರ ಬಂದರೂ ಕೆಲಸ ನಿಲ್ಲಬಾರದು. ಮಗು ಶಾಲೆಗೆ ಹೋಗುವವರೆಗೆ ಊರಿನ ತಿರುಗಾಟವನ್ನು ಆ ಸಹೋದ್ಯೋಗಿಗೆ ಒಪ್ಪಿಸಿ ನೀವು ತರಗತಿಯ ಭಾಗವನ್ನಷ್ಟೇ ನೋಡಿಕೊಂಡರೂ ಅದು ಪೂರ್ಣ ಕೆಲಸವೇ. ಕೊಕ್ಕೆ ಕೋಲನ್ನು ವಲಯ ಅರಣ್ಯ ಕಚೇರಿಗೆ ಕೊಟ್ಟುಬಿಡಿ. ನಿಮ್ಮ ಸಂಖ್ಯೆ ಇಟ್ಟುಕೊಂಡಿರುವ ಯುವಕರಿಗೆ ಇನ್ನು ಮುಂದೆ ಹಾವು ಬಂದರೆ ಅಲ್ಲಿಗೆ, ಕಚ್ಚಿದರೆ 108ಕ್ಕೆ ಕರೆ ಮಾಡಬೇಕೆಂದು ಇವತ್ತೇ ಸಂದೇಶ ಕಳಿಸಿ.